ಒಂದು ಕಾರ್ಖಾನೆ, ಐದು ಹೆಸರು

ಮನೆಯಲ್ಲಿ ಹಳೆಯ ಸಿಡಿ ಇದ್ದರೆ ಒಮ್ಮೆ ಹೊರಗೆ ತೆಗೆಯಿರಿ. ಹೊಳೆಯುವ ಮುಖ ಮೇಲೆ ಬರುವ ಹಾಗೆ ಹಿಡಿಯಿರಿ. ನಡುವಿನ ತೂತಿನ ಸುತ್ತ ಮೊದಲು ಪಾರದರ್ಶಕ ಪ್ಲಾಸ್ಟಿಕ್ ಕಾಣುತ್ತದೆ. ಅದರಾಚೆ ಹಾಡಿಲ್ಲದ, ಕನ್ನಡಿಯಂಥ ಒಂದು ಸಪೂರ ಪಟ್ಟಿ. ಟ್ಯೂಬ್‌ಲೈಟಿನ ಕೆಳಗೆ ಸ್ವಲ್ಪ ಓರೆ ಮಾಡಿದರೆ ಆ ಪಟ್ಟಿಯಲ್ಲಿ ಪುಟ್ಟ ಪುಟ್ಟ ಅಕ್ಷರಗಳು, ಅಂಕಿಗಳು ಎದ್ದು ಬರುತ್ತವೆ. ಆ ತಟ್ಟೆ ಎಲ್ಲಿ ತಯಾರಾಯಿತು ಅನ್ನುವುದು ಎಷ್ಟೋ ಸಲ ಅಲ್ಲೇ ಇರುತ್ತದೆ.

ಜರ್ಮನಿಯ ಡಾಯ್ಚೆ ಗ್ರಾಮೋಫೋನ್ ಕಂಪನಿಯ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಿಡಿಗಳನ್ನು ಇಸವಿ ಪ್ರಕಾರ ಸಾಲಾಗಿ ಇಟ್ಟು ಈ ಪಟ್ಟಿ ಓದುವುದು ನನಗೆ ತುಂಬಾ ಇಷ್ಟದ ಕೆಲಸ. 1980ರ ದಶಕದ ಮೊದಲ ಸಿಡಿಗಳಲ್ಲಿ ‘ಮೇಡ್ ಇನ್ ವೆಸ್ಟ್ ಜರ್ಮನಿ ಬೈ ಪಾಲಿಗ್ರಾಮ್’ ಎಂದಿರುತ್ತದೆ. ಕೆಲವು ವರ್ಷ ಕಳೆದರೆ ಪಾಲಿಗ್ರಾಮ್ ಜಾಗದಲ್ಲಿ ‘ಪಿಡಿಓ’ ಬರುತ್ತದೆ. ಆಮೇಲೆ ‘ಪಿಎಂಡಿಸಿ, ಜರ್ಮನಿ’. ಆಮೇಲೆ ‘ಯೂನಿವರ್ಸಲ್ ಎಂ ಅಂಡ್ ಎಲ್, ಜರ್ಮನಿ’. ಕೊನೆಗೆ ‘ಇಡಿಸಿ, ಜರ್ಮನಿ’. ಹೆಸರು ಐದು, ಊರು ಒಂದೇ. ಹ್ಯಾನೋವರ್ ನಗರಕ್ಕೆ ಅಂಟಿಕೊಂಡಿರುವ ಲಾಂಗೆನ್‌ಹಾಗೆನ್. ಯಜಮಾನರು ಬದಲಾದ ಹಾಗೆಲ್ಲ ಪಟ್ಟಿಯ ಮೇಲಿನ ಅಕ್ಷರ ಬದಲಾಯಿತು. ಕಂಪನಿಗಳು ಸೇರುವುದು, ಮಾರಾಟವಾಗುವುದು ಇದನ್ನೆಲ್ಲ ನಾವು ಪೇಪರಿನ ವಾಣಿಜ್ಯ ಪುಟದಲ್ಲಿ ಓದಿ ಮರೆಯುತ್ತೇವೆ. ಇಲ್ಲಿ ಅದು ಹಾಡಿನ ಜೊತೆಗೇ ಅಚ್ಚಾಗಿ ಉಳಿದಿದೆ.

ಈ ಕಾರ್ಖಾನೆಯ ಕಥೆಯನ್ನು ಬರೀ ತಂತ್ರಜ್ಞಾನದ ಕಥೆ ಎಂದು ಹೇಳುವವರು ಜಾಸ್ತಿ. ಸಿಡಿ ಬಂತು, ಇಂಟರ್ನೆಟ್ ಬಂತು, ಸಿಡಿ ಹೋಯಿತು, ಮುಗಿಯಿತು. ನನಗೆ ಹಾಗೆ ಅನ್ನಿಸುವುದಿಲ್ಲ. ತಟ್ಟೆ ಒತ್ತುವ ಕೆಲಸವನ್ನು ಸಂಗೀತದಿಂದ ಬೇರೆ ಮಾಡಿ ಮಾರಿದ ದಿನ ಅದರ ದಿಕ್ಕು ತಪ್ಪಿತು. ಇದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎಮಿಲ್ ಬರ್ಲಿನರ್ ಹುಟ್ಟಿದ್ದು 1851ರಲ್ಲಿ, ಹ್ಯಾನೋವರ್‌ನಲ್ಲೇ. ಹುಡುಗನಾಗಿದ್ದಾಗ ಅಮೆರಿಕಕ್ಕೆ ಹೋದರು. ಎಡಿಸನ್ ಧ್ವನಿಯನ್ನು ಉರುಳೆಯ ಮೇಲೆ ಕೊರೆಯುತ್ತಿದ್ದ ಕಾಲದಲ್ಲಿ ಬರ್ಲಿನರ್ ಅದನ್ನು ಚಪ್ಪಟೆ ತಟ್ಟೆಗೆ ತಂದರು. ಗ್ರಾಮೋಫೋನಿನ ಪೇಟೆಂಟಿಗೆ ಅರ್ಜಿ ಹಾಕಿದ್ದು 1887ರಲ್ಲಿ. ತಟ್ಟೆಯ ದೊಡ್ಡ ಲಾಭ ಏನೆಂದರೆ ಅದನ್ನು ಅಚ್ಚಿನಲ್ಲಿ ಒತ್ತಬಹುದು. ಒಂದು ಅಚ್ಚು ಇದ್ದರೆ ನೂರಾರು ಪ್ರತಿ. ಆ ಒತ್ತುವ ಕೆಲಸಕ್ಕೆ ಅವರು ತಮ್ಮ ಹುಟ್ಟೂರನ್ನೇ ಆರಿಸಿಕೊಂಡರು. ತಮ್ಮ ಜೋಸೆಫ್ ಅಲ್ಲಿ ಟೆಲಿಫೋನ್ ಕಾರ್ಖಾನೆ ನಡೆಸುತ್ತಿದ್ದರು. 1898ರ ಡಿಸೆಂಬರಿನಲ್ಲಿ ಡಾಯ್ಚೆ ಗ್ರಾಮೋಫೋನ್ ಶುರುವಾಯಿತು.

ಇದಾಗಿ ನಾಲ್ಕು ವರ್ಷಕ್ಕೆ ಹ್ಯಾನೋವರ್‌ಗೆ ನಮ್ಮ ದೇಶದಿಂದ ಪೆಟ್ಟಿಗೆಗಳು ಬಂದವು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಧ್ವನಿಮುದ್ರಕ ಕಲ್ಕತ್ತದ ಹೋಟೆಲೊಂದರಲ್ಲಿ ಯಂತ್ರ ಜೋಡಿಸಿ ಹಾಡುಗಾರರನ್ನು ಕೂರಿಸಿ ಮೇಣದ ತಟ್ಟೆಯ ಮೇಲೆ ಧ್ವನಿ ಹಿಡಿದರು. ಆ ಮೇಣದ ತಟ್ಟೆಗಳು ಹಡಗು ಹತ್ತಿ ಹ್ಯಾನೋವರ್ ತಲುಪಿದವು. ಅಲ್ಲಿ ಒತ್ತಿದ ರೆಕಾರ್ಡುಗಳು ಮತ್ತೆ ಹಡಗಿನಲ್ಲಿ ಭಾರತಕ್ಕೆ ಬಂದವು. ರೆಕಾರ್ಡು ಮಾಡಲು ಬೇಕಾದ ಅರಗು ಮುಖ್ಯವಾಗಿ ಹೋಗುತ್ತಿದ್ದದ್ದೂ ಭಾರತದಿಂದಲೇ. ಅರಗಿನ ಹುಳು ಮರದ ಕೊಂಬೆಯ ಮೇಲೆ ಕಟ್ಟಿದ್ದು ಜರ್ಮನಿಗೆ ಹೋಗಿ, ನಮ್ಮದೇ ರಾಗ ಹೊತ್ತುಕೊಂಡು ವಾಪಸ್ಸು ಬರುತ್ತಿತ್ತು. 1908ರ ಹೊತ್ತಿಗೆ ಕಲ್ಕತ್ತದ ಸಿಯಾಲ್ದಾದಲ್ಲಿ ಕಾರ್ಖಾನೆ ಆಗುವ ತನಕ ಹೀಗೇ ನಡೆಯಿತು.

ಆ ಹಾಡುಗಾರರಲ್ಲಿ ಎಲ್ಲರಿಗಿಂತ ಹೆಸರಾದವರು ಗೌಹರ್ ಜಾನ್. ಮೂರು ನಿಮಿಷದೊಳಗೆ ರಾಗ ಮುಗಿಸಿ, ಕೊನೆಯಲ್ಲಿ ಗಟ್ಟಿ ದನಿಯಲ್ಲಿ ಇಂಗ್ಲಿಷಿನಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಎನ್ನುತ್ತಿದ್ದರು. ಅದು ಒಣ ಜಂಭವಲ್ಲ. ಹ್ಯಾನೋವರ್‌ನ ಕೆಲಸಗಾರರಿಗೆ ಹಿಂದೂಸ್ತಾನಿ ಗೊತ್ತಿಲ್ಲ, ಯಾವ ತಟ್ಟೆಗೆ ಯಾರ ಚೀಟಿ ಅಂಟಿಸಬೇಕು ಎಂದು ತಿಳಿಯಲು ಆ ಒಂದು ಸಾಲು ಬೇಕಿತ್ತು. ಇದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ಗಾಯಕಿಯಾಗಿ ಮೈಸೂರಿಗೆ ಬಂದರು. 1930ರ ಜನವರಿಯಲ್ಲಿ ತೀರಿಕೊಂಡಿದ್ದೂ ಮೈಸೂರಿನಲ್ಲೇ. ಅವರ ದನಿ ಹ್ಯಾನೋವರ್‌ಗೆ ಹೋಗಿ ಬಂದದ್ದನ್ನು ನೆನೆದಾಗೆಲ್ಲ, ಆ ಕಾರ್ಖಾನೆ ನನಗೆ ಅಷ್ಟೇನೂ ದೂರದ್ದು ಅನ್ನಿಸುವುದಿಲ್ಲ.

ಮುಂದಿನ ಅರವತ್ತು ಎಪ್ಪತ್ತು ವರ್ಷಗಳನ್ನು ಬೇಗ ದಾಟೋಣ. ಮೊದಲ ಮಹಾಯುದ್ಧ ಬಂತು. ಆ ಹೊತ್ತಿಗೆ ಲಂಡನ್ನಿನ ಗ್ರಾಮೋಫೋನ್ ಕಂಪನಿಯ ಕೈಯಲ್ಲಿದ್ದ ಡಾಯ್ಚೆ ಗ್ರಾಮೋಫೋನನ್ನು ಜರ್ಮನಿ ಶತ್ರುಗಳ ಆಸ್ತಿ ಎಂದು ಜಪ್ತಿ ಮಾಡಿತು. 1917ರಲ್ಲಿ ಲೈಪ್‌ಜಿಗ್‌ನ ಪಾಲಿಫೋನ್ ಕಂಪನಿ ಅದನ್ನು ಕೊಂಡಿತು. ಪಾಲಿಡಾರ್ ಎಂಬ ಹೆಸರಿನ ಮೂಲ ಅದೇ. 1941ರಲ್ಲಿ ಸೀಮೆನ್ಸ್ ಕೈಗೆ ಹೋಯಿತು. 1962ರಲ್ಲಿ ಸೀಮೆನ್ಸ್ ಮತ್ತು ಹಾಲೆಂಡಿನ ಫಿಲಿಪ್ಸ್ ತಮ್ಮ ತಮ್ಮ ರೆಕಾರ್ಡ್ ಕಂಪನಿಗಳ ಅರ್ಧ ಪಾಲನ್ನು ಪರಸ್ಪರ ಬದಲಾಯಿಸಿಕೊಂಡವು. ಹತ್ತು ವರ್ಷ ಒಟ್ಟಿಗೆ ನಡೆದು 1972ರಲ್ಲಿ ಪಾಲಿಗ್ರಾಮ್ ಎಂಬ ಒಂದೇ ಹೆಸರಿಗೆ ಬಂದವು.

ಈ ಕೊನೆಯ ಜೋಡಿಯಿಂದಲೇ ಸಿಡಿ ಹ್ಯಾನೋವರ್‌ಗೆ ಬಂದದ್ದು. ಲೇಸರಿನಿಂದ ತಟ್ಟೆ ಓದುವ ವಿದ್ಯೆ ಫಿಲಿಪ್ಸಿನದು, ಅದು ಐಂಡ್‌ಹೋವನ್‌ನ ಲ್ಯಾಬಿನಲ್ಲಿ ಬೆಳೆದದ್ದು. ಜಪಾನಿನ ಸೋನಿ ಜೊತೆ ಕೂತು 1980ರಲ್ಲಿ ಅದರ ಅಳತೆ, ನಿಯಮ ಎಲ್ಲ ಗೊತ್ತು ಮಾಡಿದರು. ಆದರೆ ಯಂತ್ರವೊಂದಿದ್ದರೆ ಏನು ಬಂತು, ಹಾಡು ಬೇಡವಾ? ಫಿಲಿಪ್ಸಿನ ಕೈಯಲ್ಲಿ ಪಾಲಿಗ್ರಾಮ್ ಇತ್ತು. ಪಾಲಿಗ್ರಾಮ್ ಕೈಯಲ್ಲಿ ಕರಾಯನ್‌ರಂಥ ವಾದ್ಯವೃಂದ ನಡೆಸುವ ನಿರ್ದೇಶಕರಿದ್ದರು, ಲಾಂಗೆನ್‌ಹಾಗೆನ್ ಕಾರ್ಖಾನೆಯೂ ಇತ್ತು. ಕಂಡುಹಿಡಿದವರು, ಹಾಡಿಸುವವರು, ಒತ್ತುವವರು ಒಂದೇ ಸೂರಿನ ಕೆಳಗೆ.

1982ರ ಆಗಸ್ಟ್ 17ರಂದು ಅಲ್ಲಿ ಮಾರಾಟಕ್ಕೆಂದು ಮೊದಲ ಸಿಡಿ ಒತ್ತಿದರು. ಫಿಲಿಪ್ಸ್ ಹೇಳುವ ಪ್ರಕಾರ ಅದು ಸ್ವೀಡನ್ನಿನ ಆಬಾ ತಂಡದ ‘ದಿ ವಿಸಿಟರ್ಸ್’. ಆಬಾ ಈ ಆಲ್ಬಮ್ ಮಾಡಿದ್ದು 1981ರಲ್ಲಿ, ಸ್ಟಾಕ್‌ಹೋಮಿನ ಪೋಲಾರ್ ಸ್ಟುಡಿಯೋದಲ್ಲಿ. ಪಾಪ್ ಲೋಕದಲ್ಲಿ ಡಿಜಿಟಲ್ ಯಂತ್ರದಲ್ಲಿ ರೆಕಾರ್ಡ್ ಮಾಡಿದ ಮೊದಮೊದಲ ಆಲ್ಬಮ್‌ಗಳಲ್ಲಿ ಅದೂ ಒಂದು. ಟೇಪಿನ ಹಿಸ್ ಸದ್ದು ಇಲ್ಲದ ಹೊಸ ತಟ್ಟೆಗೆ ಅಂಥ ರೆಕಾರ್ಡಿಂಗ್ ಚೆನ್ನಾಗಿ ಹೊಂದುತ್ತಿತ್ತು. ಆ ವರ್ಷ ನವೆಂಬರಿನಲ್ಲಿ ಸಿಡಿ ಅಂಗಡಿಗೆ ಬರುವಷ್ಟರಲ್ಲಿ ಸುಮಾರು 150 ಆಲ್ಬಮ್ ಸಿದ್ಧವಾಗಿದ್ದವು. ಹೆಚ್ಚಿನವು ಶಾಸ್ತ್ರೀಯ ಸಂಗೀತದವು.

ತಟ್ಟೆ ಒತ್ತುವುದು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಅದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲು ಕನ್ನಡಿಯಷ್ಟು ನಯ ಮಾಡಿದ ಗಾಜಿನ ಫಲಕ. ಅದರ ಮೇಲೆ ಬೆಳಕು ಬಿದ್ದರೆ ಗುಣ ಬದಲಾಗುವ ತೆಳು ಲೇಪ. ಫಲಕ ತಿರುಗುವಾಗ ಲೇಸರ್ ಒಳಗಿನಿಂದ ಹೊರಕ್ಕೆ ಸುರುಳಿ ಬರೆಯುತ್ತಾ ಹೋಗುತ್ತದೆ. ಗ್ರಾಮೋಫೋನ್ ತಟ್ಟೆ ಓದುವುದು ಹೊರಗಿನಿಂದ ಒಳಕ್ಕೆ, ಸಿಡಿ ಅದರ ಉಲ್ಟಾ. ಲೇಪವನ್ನು ತೊಳೆದಾಗ ಬೆಳಕು ಬಿದ್ದ ಜಾಗದಲ್ಲಿ ಸಣ್ಣ ಗುಳಿಗಳು ಉಳಿಯುತ್ತವೆ. ಒಂದು ಗುಳಿಯ ಅಗಲ ಸುಮಾರು ಅರ್ಧ ಮೈಕ್ರಾನ್, ಆಳ ಸುಮಾರು 0.1 ಮೈಕ್ರಾನ್. ಸುತ್ತಿನಿಂದ ಸುತ್ತಿಗೆ 1.6 ಮೈಕ್ರಾನ್ ಅಂತರ. ಅಂದರೆ ಒಂದು ಮಿಲಿಮೀಟರಿನಲ್ಲಿ 600ಕ್ಕೂ ಜಾಸ್ತಿ ಸುತ್ತು. ಆ ಸುರುಳಿಯನ್ನು ಬಿಚ್ಚಿ ಎಳೆದರೆ ಸುಮಾರು 5 ಕಿಲೋಮೀಟರ್.

ಈ ಗಾಜಿನ ಮೇಲೆ ಲೋಹದ ತೆಳು ಪೊರೆ ಹಚ್ಚಿ, ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ನಿಕಲ್ ಬೆಳೆಸುತ್ತಾರೆ. ಬಿಡಿಸಿಕೊಂಡ ನಿಕಲ್ ಹಾಳೆಗೆ ಈ ಕಸುಬಿನಲ್ಲಿ ಫಾದರ್ ಎನ್ನುತ್ತಾರೆ. ಅದರಿಂದ ಮದರ್, ಮದರಿನಿಂದ ಸ್ಟ್ಯಾಂಪರ್. ಸ್ಟ್ಯಾಂಪರಿನ ದಪ್ಪ ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಲ್ಲ. ಅದನ್ನು ಅಚ್ಚಿನೊಳಗೆ ಕೂರಿಸಿ, 300 ಡಿಗ್ರಿಗೂ ಮೇಲೆ ಕಾಯಿಸಿ ಕರಗಿಸಿದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ನುಗ್ಗಿಸುತ್ತಾರೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಪಾಕದ ಹದ ಒಂಚೂರು ಕೆಟ್ಟರೂ, ಅಚ್ಚಿನಿಂದ ಒಂದು ಗಳಿಗೆ ಬೇಗ ಬಿಡಿಸಿದರೂ ಆನೆಗೆ ಸೊಂಡಿಲು ಇರುವುದಿಲ್ಲ, ಅಲ್ವಾ? ಇಲ್ಲೂ ಹಾಗೇ. ಪ್ಲಾಸ್ಟಿಕ್ ಆರುವ ಬಗೆ ಸರಿಯಿಲ್ಲದಿದ್ದರೆ ತಟ್ಟೆ ಬಾಗುತ್ತದೆ, ಲೇಸರ್ ಗುಳಿಯನ್ನು ತಪ್ಪಾಗಿ ಓದುತ್ತದೆ. ಆಮೇಲೆ ಅಲ್ಯೂಮಿನಿಯಂ ಪೊರೆ, ಅದರ ಮೇಲೆ ರಕ್ಷಣೆಗೆ ಲ್ಯಾಕರ್, ಅದರ ಮೇಲೆ ಬಣ್ಣದ ಮುದ್ರಣ. ಇಷ್ಟೂ ಧೂಳಿಲ್ಲದ ಕೋಣೆಯಲ್ಲೇ ಆಗಬೇಕು.

ನಾನು ಹೇಳಿದ ಆ ಅಕ್ಷರಗಳು ಅಚ್ಚಿನ ಜೊತೆಗೇ ಬರುತ್ತವೆ. ಆದ್ದರಿಂದ ಕವರಿಗಿಂತ ಅವು ನಂಬಿಕೆಗೆ ಯೋಗ್ಯ. ಕವರನ್ನು ಯಾರು ಬೇಕಾದರೂ ಪ್ರಿಂಟ್ ಮಾಡಿಸಬಹುದು. ಕಳ್ಳ ಸಿಡಿ ಹಿಡಿಯಲು 1994ರಲ್ಲಿ ಇದನ್ನೇ ಪಕ್ಕಾ ಪದ್ಧತಿ ಮಾಡಿದರು. ‘ಐಎಫ್‌ಪಿಐ’ ಎಂಬ ಅಕ್ಷರಗಳ ಮುಂದೆ ‘ಎಲ್’ನಿಂದ ಶುರುವಾಗುವ ಸಂಕೇತ ಇದ್ದರೆ ಅದು ಮಾಸ್ಟರ್, ಅಂದರೆ ಆ ಮೂಲ ಗಾಜಿನ ಫಲಕ, ಕೊರೆದ ಜಾಗದ್ದು. ಪಾರದರ್ಶಕ ಭಾಗದಲ್ಲಿ ಇನ್ನೊಂದು ಸಂಕೇತ, ಅದು ತಟ್ಟೆ ಒತ್ತಿದ ಅಚ್ಚಿನದು. ಗೌಹರ್ ಜಾನ್ ಬಾಯಿಬಿಟ್ಟು ಹೇಳುತ್ತಿದ್ದ ಕೆಲಸವನ್ನು ಈಗ ಈ ಎರಡು ಸಾಲು ಮಾಡುತ್ತವೆ.

1986ರ ಹೊತ್ತಿಗೆ ಬೇಡಿಕೆ ಏರಿದ ವೇಗಕ್ಕೆ ಕಾರ್ಖಾನೆಗಳು ಸಾಲಲಿಲ್ಲ. ಫಿಲಿಪ್ಸ್, ಅಮೆರಿಕದ ಡ್ಯುಪಾಂಟ್ ಜೊತೆ ಸೇರಿ ಪಿಡಿಓ ಎಂಬ ಜಂಟಿ ಕಂಪನಿ ಮಾಡಿತು. ರಸಾಯನಶಾಸ್ತ್ರ ಅವರದು, ಲೇಸರ್ ಇವರದು. ಪಟ್ಟಿಯ ಮೇಲಿನ ಎರಡನೆಯ ಹೆಸರು ಅದು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲೂ ಪಿಡಿಓ ಕಾರ್ಖಾನೆ ನಡೆಸಿತು. ಅಲ್ಲಿ 1988ರಿಂದ 1993ರ ನಡುವೆ ಒತ್ತಿದ ಎಷ್ಟೋ ಸಿಡಿಗಳು ಕೆಲವು ವರ್ಷಕ್ಕೆ ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿದವು. ಕವರಿನ ಕಾಗದದಲ್ಲಿದ್ದ ಗಂಧಕವನ್ನು ಅವರ ಲ್ಯಾಕರ್ ತಡೆಯಲಿಲ್ಲ, ಒಳಗಿನ ಲೋಹದ ಪೊರೆ ಕೆಟ್ಟಿತು. ಇಲ್ಲಿ ಗಮನಿಸಬೇಕಾದ್ದು ಆಮೇಲೆ ನಡೆದದ್ದು. ಕೆಟ್ಟ ತಟ್ಟೆ ಕಳಿಸಿದವರಿಗೆ ಪಿಡಿಓ ವರ್ಷಗಟ್ಟಲೆ ಹೊಸ ತಟ್ಟೆ ಒತ್ತಿ ಕೊಟ್ಟಿತು. ಮಾಸ್ಟರ್ ಯಾರಲ್ಲಿದೆ, ಯಾವ ತಟ್ಟೆ ಯಾವಾಗ ಒತ್ತಿದ್ದು ಎಂಬ ಲೆಕ್ಕ ಸಿಗುವ ಕಡೆ ಮಾತ್ರ ಇದು ಸಾಧ್ಯ.

ಡ್ಯುಪಾಂಟ್ ಹೊರಗೆ ಹೋಯಿತು, ಕಾರ್ಖಾನೆ ಮತ್ತೆ ಪಾಲಿಗ್ರಾಮ್‌ಗೆ ಬಂತು, ಹೆಸರು ಪಿಎಂಡಿಸಿ ಆಯಿತು. 1998ರಲ್ಲಿ ಫಿಲಿಪ್ಸ್ ಇಡೀ ಪಾಲಿಗ್ರಾಮನ್ನೇ ಕೆನಡಾದ ಸೀಗ್ರಾಮ್‌ಗೆ ಮಾರಿತು. ಬೆಲೆ 1000 ಕೋಟಿ ಡಾಲರಿಗೂ ಹೆಚ್ಚು. ಪಾಲಿಗ್ರಾಮ್ ಸೀಗ್ರಾಮ್‌ನದೇ ಸಂಗೀತ ಕಂಪನಿಯಾದ ಯೂನಿವರ್ಸಲ್‌ನಲ್ಲಿ ಕರಗಿತು. ಇಷ್ಟರ ತನಕ ಎಷ್ಟೇ ಕೈ ಬದಲಾದರೂ ಒಂದು ವಿಷಯ ಬದಲಾಗಿರಲಿಲ್ಲ. ಕಾರ್ಖಾನೆಯ ಯಜಮಾನನೇ ಹಾಡಿನ ಯಜಮಾನನೂ ಆಗಿದ್ದ.

ಅದು ಮುರಿದದ್ದು 2003ರಿಂದ 2005ರ ನಡುವೆ. ಮೊದಲು ಎಓಎಲ್ ಟೈಮ್ ವಾರ್ನರ್ ತನ್ನ ಸಿಡಿ, ಡಿವಿಡಿ ಕಾರ್ಖಾನೆಗಳನ್ನು ಕೆನಡಾದ ಸಿನ್‌ರಾಮ್‌ಗೆ ನೂರು ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಮಾರಿತು. 2005ರಲ್ಲಿ ಯೂನಿವರ್ಸಲ್ ಕೂಡ ಅಮೆರಿಕದ ಕಾರ್ಖಾನೆಯ ಜೊತೆ ಹ್ಯಾನೋವರನ್ನೂ ಮಾರಿತು. ಕೊಂಡವರು ಗ್ಲೆನೇರ್ ಎಂಬ ಅಮೆರಿಕದ ಕಂಪನಿ. ಅದು ಪೇಜರ್ ಜಾಲಕ್ಕೆ, ವಾಯ್ಸ್ ಮೆಸೇಜಿಗೆ ಬೇಕಾದ ಯಂತ್ರ ಮಾಡುತ್ತಿದ್ದ ಕಂಪನಿ. ಅದರ ಡಿಸ್ಕ್ ವಿಭಾಗಕ್ಕೆ ಇಟ್ಟ ಹೆಸರೇ ಎಂಟರ್‌ಟೇನ್‌ಮೆಂಟ್ ಡಿಸ್ಟ್ರಿಬ್ಯೂಷನ್ ಕಂಪನಿ, ಅಂದರೆ ಇಡಿಸಿ. ಹತ್ತು ವರ್ಷ ಯೂನಿವರ್ಸಲ್‌ನ ತಟ್ಟೆಗಳನ್ನು ಒತ್ತಿಕೊಡುವ ಒಪ್ಪಂದವೂ ಜೊತೆಗೆ ಬಂತು.

ಮಾರಿದವರ ಲೆಕ್ಕ ನನಗೆ ಅರ್ಥವಾಗುತ್ತದೆ. ಸಿಡಿ ಮಾರಾಟ ಇಳಿಯುತ್ತಿತ್ತು, ಕಾರ್ಖಾನೆ ಇಟ್ಟುಕೊಂಡರೆ ನಷ್ಟವೂ ತಮ್ಮದೇ. ಆದರೆ ಕೊಂಡವರ ಕೈಗೆ ಏನು ಬಂತು? ಹಾಡು ಬರಲಿಲ್ಲ. ಯಂತ್ರ ಬಂತು, ಕಟ್ಟಡ ಬಂತು, ಕೆಲಸಗಾರರು ಬಂದರು, ಮತ್ತೊಬ್ಬರ ಆರ್ಡರ್ ಬಂತು. ವರ್ಷ ವರ್ಷ ಇಳಿಯುವ ಆರ್ಡರು. ಅಂಥ ಕಡೆ ಇನ್ನೊಂದು ಕಾರ್ಖಾನೆಯನ್ನು ಕೊಳ್ಳುವುದೆಂದರೆ ಅದರ ಗಿರಾಕಿಗಳನ್ನು ಎಳೆದುಕೊಂಡು ಅದಕ್ಕೆ ಬೀಗ ಹಾಕುವುದು, ಅಷ್ಟೇ. ಇಡಿಸಿ 2006ರಲ್ಲಿ ಬ್ಲ್ಯಾಕ್‌ಬರ್ನ್ ಕೊಂಡಿತು, ಕೆಲವೇ ವರ್ಷದಲ್ಲಿ ಅಲ್ಲಿನ ಕೆಲಸವನ್ನು ಹ್ಯಾನೋವರ್‌ಗೆ ಸಾಗಿಸಿತು. ಅಮೆರಿಕದ ವ್ಯವಹಾರವನ್ನು ಸೋನಿಗೆ ಬಿಟ್ಟುಕೊಟ್ಟಿತು. ಸಿನ್‌ರಾಮ್ 2012ರಲ್ಲಿ ಸಾಲ ಕೊಟ್ಟವರಿಂದ ರಕ್ಷಣೆ ಕೇಳಿ ಕೋರ್ಟಿಗೆ ಹೋಯಿತು. 1962ರಲ್ಲಿ ಸೀಮೆನ್ಸ್, ಫಿಲಿಪ್ಸ್ ಸೇರಿದ್ದು ಇಬ್ಬರೂ ಇನ್ನಷ್ಟು ಕೇಳಿಸಬೇಕೆಂದು. 2005ರ ನಂತರ ಸೇರಿದವರು ಕೂಡಿದ್ದು ಕಡಿಮೆ ಮಾಡುವುದಕ್ಕೆ.

ಹೀಗೆ ಕೂಡಿಕೊಳ್ಳುವ ಒತ್ತಡ ಜೋರಾಗಿ ತಟ್ಟಿದ್ದು ಬಾಲ್ಟಿಕ್ ಸಮುದ್ರದಾಚೆಯ ಸಣ್ಣ ದೇಶಗಳಿಗೆ. ಸಿಡಿ ಯಂತ್ರ ಶುರುವಿನಲ್ಲಿ ಒಂದು ತಟ್ಟೆಗೆ ಹತ್ತು ಸೆಕೆಂಡಿಗಿಂತ ಜಾಸ್ತಿ ತೆಗೆದುಕೊಳ್ಳುತ್ತಿತ್ತು. ಆಮೇಲೆ ಅದು ನಾಲ್ಕು ಸೆಕೆಂಡಿಗೂ ಕೆಳಗೆ ಇಳಿಯಿತು. ನಾಲ್ಕು ಸೆಕೆಂಡಿಗೆ ಒಂದು ಎಂದರೆ ಗಂಟೆಗೆ 900, ದಿನಕ್ಕೆ 21,600. ಒಂದೇ ಒಂದು ಯಂತ್ರ ನಿಲ್ಲದೆ ಓಡಿದರೆ ವರ್ಷಕ್ಕೆ ನಾರ್ವೆಯ ಪ್ರತಿಯೊಬ್ಬರಿಗೂ ಒಂದಕ್ಕಿಂತ ಜಾಸ್ತಿ ತಟ್ಟೆ. 2001ರ ಸುಮಾರಿಗೆ ಸ್ವೀಡನ್, ಡೆನ್ಮಾರ್ಕ್, ನಾರ್ವೆ, ಫಿನ್‌ಲೆಂಡ್ ನಾಲ್ಕೂ ಸೇರಿದರೆ ಸುಮಾರು ಎರಡು ಕಾಲು, ಎರಡೂವರೆ ಕೋಟಿ ಜನ. ಅದೇ ವರ್ಷದ ಜನಗಣತಿಯಲ್ಲಿ ಕರ್ನಾಟಕ ಒಂದೇ 5.28 ಕೋಟಿ. ಅಲ್ಲಿನ ಡಿವಿಡಿ ಕವರ್ ನೋಡಿದರೆ ಇದು ಗೊತ್ತಾಗುತ್ತದೆ. ಹಿಂಬದಿಯಲ್ಲಿ ಒಂದೇ ಸಿನಿಮಾದ ಕಥೆ ನಾಲ್ಕು ಭಾಷೆಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ನಾಲ್ಕು ದೇಶಕ್ಕೆ ಒಂದೇ ತಟ್ಟೆ ಒತ್ತಿದರೆ ಮಾತ್ರ ಗಿಟ್ಟುತ್ತಿತ್ತು. ಮಾಲ್ಮೋದ ಸಿಡಿ ಪ್ಲಾಂಟ್‌ನಂಥ ಕಾರ್ಖಾನೆಗಳ ಬದುಕು ನಿಂತಿದ್ದು ಇಂಥ ಲೆಕ್ಕದ ಮೇಲೆ. ಅಲ್ಲಿ ಗಡಿ ದಾಟಿ ಕೂಡಿಕೊಳ್ಳುವುದು ಆಸೆಯ ಮಾತಾಗಿರಲಿಲ್ಲ, ಉಳಿಯುವ ದಾರಿಯೇ ಅದಾಗಿತ್ತು.

ಮತ್ತೆ ಅದೇ ಸ್ಟಾಕ್‌ಹೋಮಿನಲ್ಲಿ 2006ರಲ್ಲಿ ಡೇನಿಯಲ್ ಎಕ್, ಮಾರ್ಟಿನ್ ಲೊರೆಂಟ್‌ಸನ್ ಸೇರಿ ಸ್ಪಾಟಿಫೈ ಕಟ್ಟಿದರು. 2008ರ ಅಕ್ಟೋಬರಿನಲ್ಲಿ ಅದು ಜನರಿಗೆ ತೆರೆಯಿತು. ಮೊದಲ ಸಿಡಿಗೆ ಹಾಡು ಕೊಟ್ಟ ಊರಿನಿಂದಲೇ ಸಿಡಿಯ ಅಗತ್ಯ ಇಲ್ಲದಂತೆ ಮಾಡಿದ ಕಂಪನಿಯೂ ಬಂತು. ಐದಾರು ವರ್ಷದಲ್ಲಿ ಸ್ವೀಡನ್ನಿನ ಸಂಗೀತ ಆದಾಯದ ದೊಡ್ಡ ಪಾಲು ಸ್ಟ್ರೀಮಿಂಗ್‌ನದಾಯಿತು. ಜರ್ಮನಿ, ಜಪಾನ್‌ಗಳಲ್ಲಿ ಜನ ಇನ್ನೂ ಸಿಡಿ ಕೊಳ್ಳುತ್ತಿದ್ದ ಕಾಲ ಅದು.

ಫಿಲಿಪ್ಸಿನ ಈ ಮನೆತನದ ಒಂದು ಕವಲು ಭಾರತಕ್ಕೂ ಬಂತು. ಮೋಸರ್ ಬೇರ್ 1983ರಲ್ಲಿ ದೆಹಲಿಯಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ನೆರವಿನಿಂದ ಶುರುವಾಗಿತ್ತು. ಮೊದಲು ಸಮಯ ದಾಖಲಿಸುವ ಯಂತ್ರ, ಆಮೇಲೆ ಫ್ಲಾಪಿ, ಆಮೇಲೆ ಖಾಲಿ ಸಿಡಿ. 2007ರಲ್ಲಿ ಅದು ಐಂಡ್‌ಹೋವನ್‌ನ ಓಎಂ ಅಂಡ್ ಟಿ ಎಂಬ ಫಿಲಿಪ್ಸಿನ ಡಿಸ್ಕ್ ಸಂಶೋಧನಾ ಕಂಪನಿಯನ್ನೇ ಕೊಂಡಿತು. ಅದೇ ಕಾಲದಲ್ಲಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರು ಮಾಡಿತು. ನಮ್ಮ ಬಸ್ ಸ್ಟ್ಯಾಂಡ್ ಅಂಗಡಿಗಳಲ್ಲಿ ಕನ್ನಡ ಸಿನಿಮಾಗಳು ಆ ಕಂಪನಿಯ ಕವರಿನಲ್ಲಿ ಸಾಲಾಗಿ ನೇತಾಡುತ್ತಿದ್ದದ್ದು ನಿಮಗೂ ನೆನಪಿರಬಹುದು. ಕಳ್ಳ ಸಿಡಿಯ ಬೆಲೆಗೆ ಅಸಲಿ ಸಿಡಿ ಕೊಡುವ ಆ ಯೋಚನೆ ನನಗೆ ಈಗಲೂ ಇಷ್ಟ. ಹಾಡು ಮತ್ತು ಒತ್ತುವಿಕೆ ಮತ್ತೆ ಒಂದೇ ಕೈಗೆ ಬಂದಿತ್ತು. ಆದರೆ ತಡವಾಗಿತ್ತು, ಸಾಲ ಬೆಳೆದಿತ್ತು. 2018ರಲ್ಲಿ ಕಂಪನಿ ಮುಚ್ಚಲು ಆದೇಶವಾಯಿತು.

ಕಾರ್ಖಾನೆ ಮಾರಿದ್ದೆಲ್ಲ ಹೀಗೇ ಮುಗಿಯಬೇಕೆಂದೇನೂ ಇಲ್ಲ. ಹಾಲೆಂಡಿನ ಹಾರ್ಲೆಮ್‌ನಲ್ಲಿ ಹಿಂದೆ ಸಿಬಿಎಸ್, ಆಮೇಲೆ ಸೋನಿ ನಡೆಸುತ್ತಿದ್ದ ಗ್ರಾಮೋಫೋನ್ ತಟ್ಟೆಯ ಕಾರ್ಖಾನೆ ಇತ್ತು. 1998ರಲ್ಲಿ ಟಾನ್ ವೆರ್ಮೆಲನ್ ಅದನ್ನು ಕೊಂಡರು. ಆಗ ವಿನೈಲ್, ಅಂದರೆ ಪ್ಲಾಸ್ಟಿಕ್‌ನ ಗ್ರಾಮೋಫೋನ್ ತಟ್ಟೆ, ಮುಗಿದ ಕಥೆ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಇವರಿಗೆ ಡಾನ್ಸ್ ಸಂಗೀತದ ತಟ್ಟೆ ಒತ್ತಿಸಬೇಕಿತ್ತು, ಅದಕ್ಕೆ ಯಂತ್ರ ಬೇಕಿತ್ತು. ಅಂದರೆ ಕೊಂಡವನ ಕೈಯಲ್ಲಿ ಹಾಡಿತ್ತು. ಅಲ್ಲಿನ ಸಾಲು ಸಾಲು ಯಂತ್ರಗಳು ಸ್ವೀಡನ್ನಿನ ಟೂಲೆಕ್ಸ್ ಆಲ್ಫಾ ಕಂಪನಿಯವು. ಆ ಯಂತ್ರ ಮಾಡುವುದು ನಿಂತು ಎಷ್ಟೋ ವರ್ಷವಾಯಿತು. ಕೆಟ್ಟ ಭಾಗಗಳನ್ನು ಅಲ್ಲೇ ಸರಿ ಮಾಡಿಕೊಂಡು, ಬೇಕಾದ್ದನ್ನು ಮಾಡಿಸಿಕೊಂಡು ರೆಕಾರ್ಡ್ ಇಂಡಸ್ಟ್ರಿ ಎಂಬ ಹೆಸರಿನಲ್ಲಿ ಆ ಕಾರ್ಖಾನೆ ತಟ್ಟೆ ಒತ್ತುತ್ತಲೇ ಬಂದಿದೆ. ವಿನೈಲ್ ಬೇಕೆಂದು ಜಗತ್ತು ಮತ್ತೆ ಕೇಳಿದಾಗ ಹಾರ್ಲೆಮ್ ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ.